ಪಾರಿವಾಳ ಓಡಿಸುವ ಡಿಸ್ಕು

ಎಕ್ಸ್‌ಚೇಂಜ್ ಅಕ್ಕ ಫೋಟೊ ಸ್ಟುಡಿಯೊದ ಮೇಜಿನ ಕೆಳಗೆ ಹೊಕ್ಕಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ, ಹವಾಯಿ ಚಪ್ಪಲಿ. ಒಳಗಿನಿಂದ ಟಾರ್ಚಿನ ಬೆಳಕಿನ ಜೊತೆಗೆ ಗೊಣಗಾಟವೂ ಬರುತ್ತಿತ್ತು.

“ಈ ವೈರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೆ ಅಂತ ಹಾಕಿದವನಿಗೂ ಗೊತ್ತಿರಲಿಕ್ಕಿಲ್ಲ.”

“ಹಾಕಿದ್ದು ನಾನೇ ಕಣಕ್ಕಾ,” ಎಂದರು ಸ್ಟುಡಿಯೊ ಮಾಲೀಕರು. ಅವರು ಅಕ್ಕನ ಒಡಹುಟ್ಟಿದ ತಮ್ಮ.

“ಅದಕ್ಕೇ ಹೇಳಿದ್ದು.”

“ಬಿಟ್ಟಾಕು. ಸಂಜೆ ಗುಜರಿಯವನು ಬರ್ತಾನೆ. ಕೆಟ್ಟುಹೋದ ಹಳೇ ಕಂಪ್ಯೂಟರ್ ಜೊತೆ ಈ ಸ್ಕ್ಯಾನರನ್ನೂ ಕೊಟ್ಟು ಕೈ ತೊಳ್ಕೋತೀನಿ.”

“ಕೊಟ್ಟು ನೋಡು. ನಿನ್ನನ್ನೂ ಅದರ ಜೊತೆ ತಕ್ಕಡಿಗೆ ಹಾಕ್ತೀನಿ.”

ಸ್ಕ್ಯಾನರ್ ಅಕ್ಕನಿಗೆ ಬೇಕೇ ಬೇಕಿತ್ತು. ಅವರು ಆಪರೇಟರಾಗಿ ಕೆಲಸ ಮಾಡಿ ನಿವೃತ್ತರಾದ ಟೆಲಿಫೋನ್ ಎಕ್ಸ್‌ಚೇಂಜಿಗೆ ಒಂದು ಕಾಲದಲ್ಲಿ ಮಹಿಳೆಯರ ವಾಲಿಬಾಲ್ ತಂಡವಿತ್ತು, ಅಕ್ಕನೂ ಅದರಲ್ಲಿದ್ದರು. ಅದು ಗೆದ್ದದ್ದು ಒಂದೇ ಒಂದು ಕಪ್. ಆ ಕಪ್ಪನ್ನು ಎತ್ತಿ ಹಿಡಿದ ಫೋಟೊ ತೆಗೆದವರು, ಆಗಿನ್ನೂ ಮೀಸೆ ಮೂಡದಿದ್ದ ಈ ತಮ್ಮನೇ. ಪ್ರಿಂಟ್ ಹಾಕೋಣ, ಹಾಕೋಣ ಅನ್ನುತ್ತಲೇ ಸ್ಟುಡಿಯೊದ ಡಾರ್ಕ್‌ರೂಮು ಮುಚ್ಚಿಹೋಯಿತು. ನೆಗೆಟಿವ್ ಮಾತ್ರ ಉಳಿಯಿತು. ಬರುವ ಭಾನುವಾರ ತಂಡದವರೆಲ್ಲ ಅಕ್ಕನ ಮನೆಯಲ್ಲಿ ಸೇರುವವರಿದ್ದರು. ಎಲ್ಲರಿಗೂ ಆ ಫೋಟೊ ಕೊಡುತ್ತೇನೆ ಎಂದು ಅಕ್ಕ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿಬಿಟ್ಟಿದ್ದರು. ನೆಗೆಟಿವನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು ನೋಡಿದ್ದೂ ಆಗಿತ್ತು. ಯಾರ ಮುಖ ಯಾವುದೆಂದು ತಿಳಿಯಲಿಲ್ಲ. ಮುಚ್ಚಳದಲ್ಲೂ ದೀಪವಿದ್ದು ನೆಗೆಟಿವ್ ಓದಬಲ್ಲ ಯಂತ್ರವೆಂದರೆ ಈ ಸ್ಕ್ಯಾನರ್ ಒಂದೇ. ಅದನ್ನು ಮಾಡಿದ ಕಂಪನಿ ಆ ಮಾದರಿಯನ್ನು ಎಂದೋ ಕೈಬಿಟ್ಟಿತ್ತು. ಸ್ಟುಡಿಯೊಗೆ ತಂದ ಹೊಸ ಕಂಪ್ಯೂಟರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅದಕ್ಕೇ ಅಕ್ಕ ಆ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದರು. ಯಾರು ಬೇಕಾದರೂ ಒಳಗೆ ಇಣುಕಬಹುದಾದ, ತಿದ್ದಬಹುದಾದ ಆ ವ್ಯವಸ್ಥೆಯನ್ನು ಅವರು ಕಲಿತದ್ದು ನಿವೃತ್ತಿಯ ನಂತರ, ಗ್ರಂಥಾಲಯದ ತರಗತಿಯಲ್ಲಿ. ಒಂದು ಪುಟ್ಟ ಆದೇಶ ಟೈಪ್ ಮಾಡಿದರೆ ಸಾಕು, ಕಂಪ್ಯೂಟರಿಗೆ ಯಾವ ಯಾವ ಯಂತ್ರ ತಗುಲಿಕೊಂಡಿದೆ ಎಂದು ಅದು ಸಾಲಾಗಿ ಹೇಳುತ್ತದೆ. “ಥೇಟ್ ನಮ್ಮ ಎಕ್ಸ್‌ಚೇಂಜಿನ ಸ್ವಿಚ್‌ಬೋರ್ಡು,” ಎಂದು ಅಕ್ಕ ಮೊದಲ ದಿನವೇ ಮನಸೋತರು. ಅಂದಿನಿಂದ ಬೀದಿಯಲ್ಲಿ ಯಾರ ಪ್ರಿಂಟರ್ ಮುನಿಸಿಕೊಂಡರೂ ಕರೆ ಅವರಿಗೇ. ಯಂತ್ರಕ್ಕೂ ಕಂಪ್ಯೂಟರಿಗೂ ಮಾತು ದಾಟಿಸುವ ಡ್ರೈವರ್ ಅವರ ಲೆಕ್ಕದಲ್ಲಿ ಒಬ್ಬಳು ಆಪರೇಟರ್. ಅವಳನ್ನು ಸರಿಯಾದ ಜಾಗದಲ್ಲಿ ಕೂರಿಸಿದರೆ ಮುಗಿಯಿತು.

ವೈರನ್ನು ಬೇರೆ ಕಿಂಡಿಗೆ ಚುಚ್ಚಿ ಅಕ್ಕ ಹೊರಬಂದರು. ಈಗ ಪರದೆಯ ಸಾಲಿನಲ್ಲಿ ಸ್ಕ್ಯಾನರಿನ ಹೆಸರು ಕಂಡಿತು. ಆದರೆ ಸ್ಕ್ಯಾನ್ ಒತ್ತಿದರೆ ಫರ್ಮ್‌ವೇರ್ ಇಲ್ಲ ಎಂಬ ದೂರು.

“ಹಾಗಂದ್ರೆ?”

“ಡ್ರೈವರ್ ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದಾರೆ. ಆದ್ರೆ ಈ ನಿನ್ನ ಮಹಾರಾಯ ಪ್ರತಿ ಸಲ ಎದ್ದಾಗಲೂ ಒಂದು ಚಿಕ್ಕ ಫೈಲು ಬಾಯಿಗಿಟ್ರೇನೇ ಕೆಲಸಕ್ಕೆ ಇಳಿಯೋದು. ಅದು ಕಂಪನಿ ಸ್ವತ್ತು, ಹಂಚೋ ಹಾಗಿಲ್ಲ. ಸ್ಕ್ಯಾನರ್ ಜೊತೆ ಬಂದ ಡಿಸ್ಕಲ್ಲಿ ಇರುತ್ತೆ. ತೆಗಿ.”

“ನಿನ್ನ ಮನೇಲೇ ಇದೆಯಲ್ಲ!”

ಅಕ್ಕನ ಕೈ ಕೀಬೋರ್ಡಿನ ಮೇಲೇ ನಿಂತಿತು. ಕಳೆದ ಬೇಸಿಗೆಯಲ್ಲಿ ಸ್ಟುಡಿಯೊದ ಕಪಾಟು ಗುಡಿಸಿ, “ಬರೀ ಕಸ” ಎಂದು ಡಿಸ್ಕುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದವರು ಅವರೇ. ತಾರಸಿಯ ಟೊಮೆಟೊ ಕುಂಡಗಳ ಮೇಲೆ, ಪಾರಿವಾಳಗಳು ಹೆದರಲಿ ಎಂದು ದಾರ ಕಟ್ಟಿ ತೂಗಿಬಿಟ್ಟವರೂ ಅವರೇ.

ತಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಗು, ನಗು,” ಎನ್ನುತ್ತಾ ಅಕ್ಕ ಮನೆಗೆ ಓಡಿದರು.

ತಾರಸಿಯಲ್ಲಿ ಯಜಮಾನರು ಕುಂಡಗಳಿಗೆ ನೀರು ಹಾಕುತ್ತಿದ್ದರು.

“ಏನೇ, ಕಟ್ಟಿದ್ದೂ ನೀನೇ, ಬಿಚ್ಚೋದೂ ನೀನೇನಾ?”

“ರೀ, ಇದರಲ್ಲಿ ಸ್ಕ್ಯಾನರ್ ಡಿಸ್ಕು ಯಾವುದು ನೋಡಿ.”

“ಪಾರಿವಾಳಗಳನ್ನ ಕೇಳು. ದಿನಾ ಅದರಲ್ಲಿ ಮುಖ ನೋಡ್ಕೊಂಡು ಸಿಂಗಾರ ಮಾಡ್ಕೊಳ್ಳೋದು ಅವೇ.”

ಬಿಸಿಲಿಗೆ ಬರಹವೆಲ್ಲ ಬಿಳಿಚಿಕೊಂಡಿತ್ತು. ಅಕ್ಕ ಇದ್ದ ಡಿಸ್ಕುಗಳನ್ನೆಲ್ಲ ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು, ಹಳೆಯ ಹತ್ತಿ ಸೀರೆಯ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿದರು. ಮಗುವಿನ ಬೆನ್ನು ಒರೆಸುವಷ್ಟು ಹಗುರವಾಗಿ.

ಸ್ಟುಡಿಯೊದಲ್ಲಿ ಮೊದಲು ಹಾಕಿದ್ದರಲ್ಲಿ ಯಾರದೋ ಹಾಡುಗಳಿದ್ದವು. ಇನ್ನೊಂದು ಟೈಪಿಂಗ್ ಕಲಿಸುವ ಆಟ. ಒಂದನ್ನಂತೂ ಕಂಪ್ಯೂಟರ್ ಮುಟ್ಟಲೂ ಒಪ್ಪಲಿಲ್ಲ. ಅದರ ಮೇಲೆ ಪಾರಿವಾಳದ ಕೊಕ್ಕಿನ ಗುರುತಿತ್ತು. ಅದೇ ಆಗಿದ್ದರೆ ಎಂದು ಅಳುಕುತ್ತಲೇ ಅಕ್ಕ ಮುಂದಿನದನ್ನು ಹಾಕಿದರು. ಅದು ಗರಗರ ಸದ್ದು ಮಾಡಿ, ಸುಮಾರು ಹೊತ್ತು ಯೋಚಿಸಿ, ಕೊನೆಗೆ ತೆರೆದುಕೊಂಡಿತು.

“ಸಿಕ್ತು ಕಣೋ!”

ಫೈಲನ್ನು ಅದರ ಜಾಗಕ್ಕೆ ನಕಲಿಸಿ, ಅದು ಎಲ್ಲಿದೆ ಎಂಬುದನ್ನು ಡ್ರೈವರಿಗೆ ಬರೆದು ತಿಳಿಸಿ, ಅಕ್ಕ ಸ್ಕ್ಯಾನರಿನ ವೈರು ಕಿತ್ತು ಮತ್ತೆ ಚುಚ್ಚಿದರು. ಟಕ್ ಎಂದಿತು. ಗಾಜಿನ ಕೆಳಗೆ ದೀಪ ಹೊತ್ತಿತು.

“ನಮಸ್ಕಾರ, ಲೈನಿನಲ್ಲಿರಿ,” ಎಂದರು ಅಕ್ಕ, ನೌಕರಿಯ ದಿನಗಳ ಅದೇ ನಯವಾದ ದನಿಯಲ್ಲಿ.

ನೆಗೆಟಿವನ್ನು ಗಾಜಿನ ಮೇಲಿಟ್ಟು ಸ್ಕ್ಯಾನ್ ಒತ್ತಿದೊಡನೆ ಪರದೆಯ ಮೇಲೆ ಫೋಟೊ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಮೊದಲು ಆಕಾಶ, ಆಮೇಲೆ ಗೆದ್ದ ಕಪ್, ಅದನ್ನು ಹಿಡಿದ ಕೈಗಳು, ಕೆದರಿದ ಜಡೆಗಳು, ಬಾಯಿ ತುಂಬ ನಗು. ಬಲಮೂಲೆಯಲ್ಲಿ ಮಾತ್ರ ಉರುಟಾದ ಕತ್ತಲೆಯೊಂದು ಅಕ್ಕನ ಅರ್ಧ ಕೆನ್ನೆ ನುಂಗಿತ್ತು.

“ಇದೇನೋ?”

ತಮ್ಮ ಬಗ್ಗಿ ನೋಡಿದರು. “ನನ್ನ ಬೆರಳು.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಅಂಗಡಿಯವರು ಬಂದು ಇಣುಕಿ ಹೋದರು.

“ಆ ಮೂಲೆ ಕತ್ತರಿಸ್ಲಾ?”

“ಬೇಡ, ಇರಲಿ ಬಿಡೋ. ಹಾಗಾದ್ರೂ ನೀನೂ ಫೋಟೊದಲ್ಲಿ ಇದ್ದ ಹಾಗಾಯ್ತು.”

ಸಂಜೆ ಬಂದ ಗುಜರಿಯವನು ಹಳೆಯ ಕಂಪ್ಯೂಟರನ್ನಷ್ಟೇ ಹೊತ್ತುಕೊಂಡು ಹೋದ. ಅಷ್ಟರಲ್ಲಿ ತಂಡದವರಿಗೆಲ್ಲ ಸಾಕಾಗುವಷ್ಟು ಪ್ರಿಂಟುಗಳು ಮೇಜಿನ ಮೇಲೆ ಆರುತ್ತಿದ್ದವು. ತಾರಸಿಯಲ್ಲಿ ಯಜಮಾನರು ಡಿಸ್ಕುಗಳ ಬದಲು ಸ್ಟೀಲ್ ಡಬ್ಬಿಗಳ ಮುಚ್ಚಳ ಕಟ್ಟಿದ್ದಾರೆ. ನಾಳೆ ಅಕ್ಕ ಬೇಕರಿಯ ಬಿಲ್ ಪ್ರಿಂಟರ್ ನೋಡಲು ಹೋಗುವವರಿದ್ದಾರೆ. ಅದರ ಜೊತೆ ಬಂದ ಡಿಸ್ಕನ್ನು ಎಸೆಯಬೇಡಿ ಎಂದು ಇವತ್ತೇ ಹೇಳಿ ಕಳಿಸಿದ್ದಾರೆ.