ಏಳನೇ ನಂಬರಿನ ಅಳತೆ

ಎಪ್ಪತ್ತರ ದಶಕದಲ್ಲಿ ನಾನು ಬೂದಿಗೆರೆಯಿಂದ ಬಸ್ಸು ಹಿಡಿದು ಹೊಸಕೋಟೆ ಪಕ್ಕದ ಒಂದು ಕಾರ್ಖಾನೆಗೆ ಹೋಗುತ್ತಿದ್ದೆ. ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುವುದು ನನ್ನ ಕೆಲಸ. ಪ್ರತಿ ಕೆಲಸಗಾರನಿಗೂ ಒಂದು ಕಾರ್ಡು; ಆ ತೂತುಗಳನ್ನು ಓದಿಕೊಂಡು ಯಂತ್ರ ಸಂಬಳದ ಪಟ್ಟಿ ಅಚ್ಚು ಹಾಕುತ್ತಿತ್ತು. ಇದನ್ನು ಅಜ್ಜಿಗೆ ವಿವರಿಸಿದಾಗ, "ತೂತು ಹೊಡಿಯಾಕೆ ಎಸ್ಸೆಲ್ಸಿ ಓದ್ಬೇಕಿತ್ತಾ?" ಎಂದಿದ್ದಳು.

ಒಂದು ವರ್ಷ ಸಮವಸ್ತ್ರದ ಪಟ್ಟಿಯೂ ಯಂತ್ರದಿಂದಲೇ ಬರಲಿ ಎಂದು ತೀರ್ಮಾನವಾಯಿತು. ದರ್ಜಿ ಎಲ್ಲರ ಅಳತೆ ತೆಗೆದು, ಒಬ್ಬೊಬ್ಬರಿಗೂ ಒಂದು ಅಳತೆ ನಂಬರು ಬರೆದುಕೊಟ್ಟ. ಅದನ್ನು ನಾನು ಅವರವರ ಕಾರ್ಡಿಗೆ ಏರಿಸಿದೆ. ಯಾವ ನಂಬರಿಗೆ ಎಷ್ಟು ಬಟ್ಟೆ ಎಂದು ತಿಳಿಸುವ ಕಾರ್ಡುಗಳು ಬೇರೆ ಇದ್ದವು. ಎರಡೂ ತಾಳೆಯಾದರೆ ಹೆಸರು ಪಟ್ಟಿಗೆ ಬರುತ್ತಿತ್ತು.

ಪಟ್ಟಿಯನ್ನು ಗೋಡೆಗೆ ಅಂಟಿಸಿದ ಬೆಳಿಗ್ಗೆ ನಮ್ಮ ಕೋಣೆ ಇದ್ದಕ್ಕಿದ್ದಂತೆ ಮಬ್ಬಾಯಿತು. ತಲೆ ಎತ್ತಿದರೆ ಬಾಗಿಲ ತುಂಬ ದೇವನಹಳ್ಳಿ ಕಡೆಯ ಫಿಟ್ಟರು ನಿಂತಿದ್ದರು. ಕಾರ್ಖಾನೆಯಲ್ಲಿ ಅವರಷ್ಟು ದೊಡ್ಡ ಆಳು ಇನ್ನೊಬ್ಬರಿರಲಿಲ್ಲ.

"ಏನಮ್ಮಾ, ನಾನು ಇಲ್ವಂತಲ್ಲ?"

ನಮ್ಮ ಸೂಪರ್‌ವೈಸರು ಪಟ್ಟಿ ನೋಡಿದರು, ಅವರನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. "ಇಷ್ಟು ದೊಡ್ಡ ಮನುಷ್ಯನ್ನ ಎಲ್ಲಮ್ಮಾ ಕಳೆದುಬಿಟ್ಟೆ?"

ನನಗೆ ಕೋಪ ಬಂತು. ಡ್ರಾಯರು ಎಳೆದು ಅವರ ಕಾರ್ಡು ತೆಗೆದು ಬೆಳಕಿಗೆ ಹಿಡಿದೆ. ಒಂದು ತೂತೂ ತಪ್ಪಿರಲಿಲ್ಲ. ಮತ್ತೆ ಯಂತ್ರಕ್ಕೆ ಹಾಕಿದರೂ ಹೆಸರು ಬರಲಿಲ್ಲ. "ನನ್ನ ಕಂಡ್ರೆ ಆಗಾಕಿಲ್ಲ ಅದಕ್ಕೆ," ಎಂದು ಫಿಟ್ಟರು ಸ್ಟೂಲಿನ ಮೇಲೆ ಕುಳಿತರು. ಸ್ಟೂಲು ಕಿರುಗುಟ್ಟಿತು.

ಮೂರನೇ ಸಲ ನಾನು ಬಗ್ಗಿ, ಕಾರ್ಡು ಹೋಗುವ ದಾರಿಯನ್ನೇ ನೋಡುತ್ತ ನಿಂತೆ. ಅದು ಬೇರೆ ಕಾರ್ಡುಗಳ ಜೊತೆ ಹೋಗದೆ, ಜೋಡಿ ಸಿಗದವು ಬೀಳುವ ಬದಿಯ ಗೂಡಿಗೆ ಬಿತ್ತು. ಹಿಂದಿನ ದಿನವೂ ಅಲ್ಲೇ ಬಿದ್ದಿರಬೇಕು, ಸೂಪರ್‌ವೈಸರು ನೋಡದೆ ಡ್ರಾಯರಿಗೆ ಸೇರಿಸಿರಬೇಕು.

"ಅಣ್ಣಾ, ದರ್ಜಿ ನಿಮಗೆ ಏನಂದ?" ಎಂದು ಕೇಳಿದೆ.

"ಟೇಪು ಸಾಲ್ದೆ ದಾರ ಸೇರಿಸ್ಕೊಂಡ. 'ನಿಮ್ಮ ಮೈಗೆ ನಂಬರೇ ಇಲ್ಲ ಗುರೂ, ಆರರ ಮೇಲೆ ಒಂದು ಹಾಕ್ತೀನಿ' ಅಂದ."

ಬಟ್ಟೆಯ ಕಾರ್ಡುಗಳನ್ನು ತೆಗೆದು ಎಣಿಸಿದೆ. ಆರಕ್ಕೇ ಮುಗಿದಿದ್ದವು. ಏಳು ಎಂಬ ಅಳತೆ ಯಂತ್ರದ ಲೋಕದಲ್ಲೇ ಇರಲಿಲ್ಲ. ಇಲ್ಲದ ಅಳತೆಯ ಮನುಷ್ಯನನ್ನು ಅದು ಪಕ್ಕಕ್ಕೆ ಕೂರಿಸಿತ್ತು. ನನಗೆ ನಗು ತಡೆಯಲಾಗಲಿಲ್ಲ. ಸೂಪರ್‌ವೈಸರು ಮಾತ್ರ ಕನ್ನಡಕ ಒರೆಸುತ್ತ, "ನನಗೆ ಆಗ್ಲೇ ಅನುಮಾನ ಇತ್ತು," ಎಂದರು.

ಏಳಕ್ಕೆ ಎಷ್ಟು ಬಟ್ಟೆ ಎಂದು ದರ್ಜಿಯನ್ನು ಕೇಳಿಕೊಂಡು ಬಂದು ಹೊಸ ಕಾರ್ಡು ಹೊಡೆದೆ. ಈ ಸಲ ಯಂತ್ರ ಗಡಗಡ ಅಂದು ಅವರ ಹೆಸರು ಅಚ್ಚು ಹಾಕಿತು. ಫಿಟ್ಟರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಓದಿಕೊಂಡರು. "ಈಗ ಇದೀನಿ," ಎಂದು ಎದ್ದು ಹೋದರು.

ಮಾರನೆಯ ವಾರ ಊರಿನಿಂದ ಎರಡು ಚಕ್ಕೋತ ತಂದು ನನ್ನ ಮೇಜಿನ ಮೇಲಿಟ್ಟರು. ಯಂತ್ರದ ಕೋಣೆಯಲ್ಲಿ ತಿನ್ನುವಂತಿಲ್ಲ ಎಂಬುದು ಸೂಪರ್‌ವೈಸರೇ ಮಾಡಿದ ನಿಯಮ. ಅವರು ಹಣ್ಣನ್ನು ಸ್ವಲ್ಪ ಹೊತ್ತು ನೋಡಿದರು, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. "ಬೀಜ ಕೆಳಗೆ ಬೀಳಿಸ್ಬೇಡಮ್ಮಾ," ಎಂದು ದೊಡ್ಡ ತೊಳೆಯನ್ನು ತಾವೇ ತೆಗೆದುಕೊಂಡರು.