ಬರ್ತೀನಿ ಎನ್ನಬಾರದವನು

ನನ್ನ ತಮ್ಮ ಶವವಾಹನದ ಚಾಲಕ. ಹೀಗೆ ಬರೆದರೆ ಪತ್ರಿಕೆಯ ಸುದ್ದಿಯ ಹಾಗೆ ಕಾಣುತ್ತದೆ. ನಮ್ಮ ಮನೆಯಲ್ಲಿ ಯಾರೂ ಹೀಗೆ ಹೇಳುವುದಿಲ್ಲ. "ಇವಳ ತಮ್ಮ ಇದಾನಲ್ಲ, ಹೆಣದ ಗಾಡಿಯವನು" ಎನ್ನುತ್ತಾರೆ. ಅದೂ ನಾನು ಅಡುಗೆಮನೆಯಲ್ಲಿದ್ದೇನೆಂದು ಗೊತ್ತಿದ್ದು, ನನಗೆ ಕೇಳಿಸುವಷ್ಟು ಮೆಲ್ಲಗೆ.

ನಾವಿಬ್ಬರೂ ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಅಲ್ಲಿನ ಕಾಗದದ ಕಾರ್ಖಾನೆಯಲ್ಲಿದ್ದರು. ತಮ್ಮನೂ ದೊಡ್ಡವನಾದ ಮೇಲೆ ಅಲ್ಲಿಗೇ ನೀಲಗಿರಿ ದಿಮ್ಮಿ ತುಂಬಿದ ಲಾರಿ ಹೊಡೆಯುತ್ತಿದ್ದ. ಕಾರ್ಖಾನೆ ನಿಂತ ಮೇಲೆ ಸ್ವಲ್ಪ ದಿನ ಶಾಲೆಯ ವ್ಯಾನು, ಸ್ವಲ್ಪ ದಿನ ಹಾಲಿನ ಗಾಡಿ ಎಂದು ಅಲೆದ. ಕೊನೆಗೆ ಶಿವಮೊಗ್ಗದ ಒಂದು ಟ್ರಸ್ಟಿನವರ ಶವವಾಹನಕ್ಕೆ ಸೇರಿಕೊಂಡ. ಮನೆ ಭದ್ರಾವತಿಯಲ್ಲೇ ಉಳಿಯಿತು. ನಾನು ಅಷ್ಟರಲ್ಲಿ ಶಿವಮೊಗ್ಗದ ರವೀಂದ್ರನಗರದ ಈ ಮನೆಗೆ ಸೊಸೆಯಾಗಿ ಬಂದು, ಮಗಳನ್ನು ಕಾಲೇಜಿಗೆ ಕಳಿಸುವಷ್ಟು ಹಳಬಳಾಗಿದ್ದೆ.

ಗಾಡಿ ಓಡಿಸುವುದು ಅವನ ಕೆಲಸದಲ್ಲಿ ಸುಲಭದ ಭಾಗ. ನಮ್ಮ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಹಿರಿಯರು ತೀರಿಕೊಂಡ ದಿನ ನಾನೇ ನೋಡಿದೆ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸಲಿಲ್ಲ. ಮೆಟ್ಟಿಲಿನ ತಿರುವುಗಳೋ ಇಕ್ಕಟ್ಟು. ಭಾರವೆಲ್ಲ ಜಾರಿ ಬರುವ ಕೆಳತುದಿಯನ್ನು ತಾನು ಹಿಡಿದು ನನ್ನ ತಮ್ಮ ಹಿಮ್ಮುಖವಾಗಿ ಇಳಿಯುತ್ತಿದ್ದ. ಕಣ್ಣಿಗೆ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಯಿರಲಿಲ್ಲ. ಮೇಲುತುದಿಗೆ ಬೆರಳು ಮುಟ್ಟಿಸಿಕೊಂಡು ಬರುತ್ತಿದ್ದ ಆ ಹಿರಿಯರ ಮಗ, "ಏ, ಹುಷಾರು ಮಾರಾಯ" ಎಂದ. ಅಪ್ಪನ ಬಗ್ಗೆ ಇರಬೇಕು ಅಂದುಕೊಂಡೆ. "ಗೋಡೆಗೆ ತಾಗುತ್ತೆ. ಮೊನ್ನೆ ತಾನೆ ಪೇಂಟ್ ಮಾಡ್ಸಿದೀವಿ."

ನಮ್ಮಲ್ಲಿ ಯಾರ ಮನೆಯಿಂದ ಎದ್ದರೂ "ಬರ್ತೀನಿ" ಅನ್ನಬೇಕು. ಹೋಗುವವನೂ ಬರ್ತೀನಿ ಎಂದೇ ಹೋಗುವುದು. ಸಾವಿನ ಮನೆಯಲ್ಲಿ ಮಾತ್ರ ಹಾಗೆ ಅನ್ನುವಂತಿಲ್ಲ, ಸುಮ್ಮನೆ ಎದ್ದು ಹೋಗಬೇಕು. ತಮ್ಮ ಒಮ್ಮೆ ನಗುತ್ತಾ ಹೇಳಿದ್ದ: "ದಿನಾ ಅದೇ ಮನೆಗಳು ನೋಡು ಅಕ್ಕ. ಬರ್ತೀನಿ ಅನ್ನೋ ಮಾತೇ ಮರ್ತು ಹೋಗುತ್ತೆ. ನಿಮ್ಮನೇಗೆ ಬಂದಾಗ ಒಂದ್ಸಲ ಹೇಳ್ಕೊಂಡು ಹೋಗ್ತೀನಿ, ಅಷ್ಟೇ."

ಕೊರೋನಾದಲ್ಲಿ ನನ್ನ ಮಾವ ಆಸ್ಪತ್ರೆಯಲ್ಲೇ ತೀರಿಕೊಂಡರು. ನನ್ನ ಗಂಡ, ಮೈದುನ ಇಬ್ಬರೂ ಚಿತಾಗಾರದ ಗೇಟಿನ ಹೊರಗೆ ಕಾರಿನ ಗಾಜು ಏರಿಸಿಕೊಂಡು ಕೂತಿದ್ದರು. ಆ ಪ್ಲಾಸ್ಟಿಕ್ ಅಂಗಿಯೊಳಗೆ ಬೇಯುತ್ತಾ ಮಾವನನ್ನು ಇಳಿಸಿದವನು, ಮಕ್ಕಳ ಬದಲಿಗೆ ಕೈಮುಗಿದವನು ನನ್ನ ತಮ್ಮ. ಅವತ್ತು ನನ್ನತ್ತೆ ಫೋನಿನಲ್ಲಿ ಅತ್ತು ಅತ್ತು, "ನೀನೇ ಕಣಪ್ಪ ನಮ್ಮನೆ ಹಿರೇ ಮಗ" ಎಂದರು.

ಕೊರೋನಾ ಹೋಯಿತು. ಹಿರಿಯ ಮಗನ ಪಟ್ಟವೂ ಹೋಯಿತು. ಮಗಳಿಗೆ ಗಂಡು ನೋಡಲು ಶುರುಮಾಡಿದ್ದೆವು. ತಮ್ಮ ಸೀಬೆಹಣ್ಣು ಹಿಡಿದುಕೊಂಡು ಬಂದಿದ್ದ. ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು, "ಅತ್ತೆ, ಬರ್ತೀನಿ" ಎಂದ.

"ಬರ್ತೀನಿ ಅನ್ಬೇಡಪ್ಪ ನೀನು" ಎಂದರು ಅತ್ತೆ. "ನೀನು ಬರ್ತೀನಿ ಅಂದ್ರೆ ಯಾತಕ್ಕೆ ಅಂತ ಊರಿಗೇ ಗೊತ್ತು. ಸುಮ್ನೆ ಎದ್ದು ಹೋಗು."

ಮೈದುನನಿಗೆ ನಗು ತಡೆಯಲಾಗಲಿಲ್ಲ. ತಮ್ಮನೂ ನಕ್ಕ. ಆಮೇಲೆ ಬಂದಾಗಲೆಲ್ಲ ನಮ್ಮ ಮನೆಯಿಂದಲೂ ಮಾತಾಡದೆ ಎದ್ದು ಹೋಗತೊಡಗಿದ. ಅವನು ಗೇಟು ದಾಟಿದ ಕೂಡಲೇ ಅತ್ತೆ ಕೂತಲ್ಲಿಂದಲೇ ಹೇಳುವರು: "ಹೊಸ್ತಿಲಿಗೆ ಒಂದು ಚೊಂಬು ನೀರು ಹಾಕು." ನಾನು ಹಾಕುತ್ತಿರಲಿಲ್ಲ. ಅವರೇ ಮಂಡಿ ಹಿಡಿದುಕೊಂಡು ಎದ್ದು ಹಾಕುವರು.

ಮಗಳ ಮದುವೆ ನಿಶ್ಚಯವಾಯಿತು. ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ನನಗೆ ಇರುವವನು ಒಬ್ಬನೇ ತಮ್ಮ. ಅವನಿಗೆ ಮಕ್ಕಳಿಲ್ಲ. ಇವಳು ಹುಟ್ಟಿದಾಗಿನಿಂದ ಅವನು ಬಾಯಿಬಿಟ್ಟು ಬೇಡಿದ್ದು ಅದೊಂದನ್ನೇ: "ಅವತ್ತು ನಾನೇ ಕರ್ಕೊಂಡು ಬರ್ಬೇಕು ಅಕ್ಕ."

"ಆ ಕೈಲಾ?" ಎಂದರು ಅತ್ತೆ. "ಬೆಳಗ್ಗೆಯಿಂದ ಸಂಜೆವರೆಗೆ ಏನು ಹಿಡೀತಾನೆ ಆ ಕೈಲಿ, ಗೊತ್ತಿಲ್ವಾ?"

"ಮಾವನ್ನ ಹಿಡಿದಿದ್ದೂ ಅದೇ ಕೈಲೇ" ಎಂದೆ. ಗಂಡ ಪೇಪರ್ ಮಡಿಸಿಟ್ಟು ಎದ್ದು ಹೋದರು. ಮದುವೆಯಾದ ಲಾಗಾಯ್ತು ಅವರು ತೀರ್ಪು ಕೊಡುವುದು ಹೀಗೆಯೇ.

ಇವರೆಲ್ಲ ಹಾಗೇ ಎಂದು ಬಿಡಬಹುದಿತ್ತು. ಆದರೆ ಮಗಳು ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದಳು: "ಫೋಟೋ, ವಿಡಿಯೋ ಎಲ್ಲಾ ಇರುತ್ತಮ್ಮ. ಅವರ ಕಡೆಯವ್ರು ಯಾರಾದ್ರೂ ಮಾವನ್ನ ಗುರುತು ಹಿಡಿದ್ರೆ?"

"ಹಿಡೀಲಿ. ಅವರ ಮನೇಲೂ ಯಾರಾದ್ರೂ ಸತ್ತಿರ್ತಾರಲ್ಲ."

"ಪ್ಲೀಸ್ ಅಮ್ಮ."

ಕಾಗದನಗರದ ರಸ್ತೆಗಳಲ್ಲಿ ಅವನ ಸೈಕಲ್ಲಿನ ಮುಂದೆ ಕೂತು, ಬೆಲ್ಲು ಬಾರಿಸಿ ಬಾರಿಸಿ ಕೆಡಿಸಿದವಳು ಇವಳೇ. ನನ್ನ ಚಿಕ್ಕಪ್ಪನ ಮಗ, ಬ್ಯಾಂಕಿನಲ್ಲಿರುವವನು, ಕರೆತರುವುದೆಂದಾಯಿತು. ಅವನಿಗೆ ನನ್ನ ಮಗಳ ಹೆಸರು ಇನ್ನೊಮ್ಮೆ ಹೇಳಬೇಕಾಯಿತು. ತಮ್ಮನಿಗೆ ತಿಳಿಸುವ ಕೆಲಸವನ್ನು ನನಗೆ ಹಚ್ಚಲು ನೋಡಿದರು. "ಬೇಡ ಅಂದವ್ರೇ ಹೇಳಿ" ಎಂದೆ. ಯಾರೂ ಹೇಳಲಿಲ್ಲ.

ಮದುವೆಯ ದಿನ ತಮ್ಮ ಭದ್ರಾವತಿಯಿಂದ ಮೊದಲ ಬಸ್ಸಿಗೇ ಬಂದಿದ್ದ. ಹೊಸ ಪಂಚೆ, ಮಡಿಕೆ ಬಿಚ್ಚದ ಶಲ್ಯ. ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ ತೊಳೆದ ಕೈಗಳು ಕೆಂಪಾಗಿದ್ದವು. ಮುಹೂರ್ತ ಹತ್ತಿರವಾದಾಗ ಹುಡುಗಿಯ ಕೋಣೆಯ ಬಾಗಿಲಲ್ಲಿ ಬಂದು ನಿಂತ.

ಮೈದುನ ಅವನ ಹೆಗಲ ಮೇಲೆ ಕೈ ಹಾಕಿದ. "ಏನಪ್ಪಾ, ಇವತ್ತು ಗಾಡಿ ತಂದಿಲ್ಲ ತಾನೆ?" ಸುತ್ತ ಇದ್ದವರು ನಕ್ಕರು. "ಹುಡುಗೀನ ಬೇರೆಯವ್ರು ಕರ್ಕೊಂಡು ಬರ್ತಾರೆ. ನೀನು ಹೊರಗೆ ಪಾರ್ಕಿಂಗ್ ನೋಡ್ಕೊ ಮಾರಾಯ. ಸ್ಟೇರಿಂಗ್ ಕೆಲಸ ನಿನ್ನಷ್ಟು ಯಾರಿಗೆ ಬರುತ್ತೆ?"

"ಹುಡುಗಿ ಏನಂದ್ಲು?" ಎಂದು ಕೇಳಿದ ತಮ್ಮ.

"ಅವಳೇ ಹೇಳಿದ್ದು."

ತಮ್ಮ ನನ್ನ ಮುಖ ನೋಡಿದ. ನಾನು ಇಲ್ಲ ಎನ್ನಲಿಲ್ಲ. ಹೌದಾದುದನ್ನು ಇಲ್ಲವೆಂದು ಹೇಗೆ ಹೇಳಲಿ? ಅವನು ಹೆಗಲ ಮೇಲಿನ ಶಲ್ಯ ತೆಗೆದು ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದ. ಮಾಂಗಲ್ಯಧಾರಣೆಯ ಓಲಗ ಜೋರಾದಾಗ ಮಂಟಪದ ಪಕ್ಕದ ಕಿಟಕಿಯಿಂದ ನೋಡಿದೆ. ಬಿಸಿಲಲ್ಲಿ ನಿಂತು, ತಡವಾಗಿ ಬಂದ ಬೀಗರ ಕಡೆಯವರ ಕಾರಿಗೆ "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎಂದು ಕೈಬೀಸುತ್ತಿದ್ದ.

ಊಟ ಮುಗಿಸಿ ಹೊರಡುವ ಮುಂಚೆ ಒಳಗೆ ಬಂದ. ಮೊದಲು ಮಂಟಪಕ್ಕೆ ಹೋಗಿ ಅಕ್ಷತೆ ಹಾಕಿದ. "ಮಾವ, ಊಟ ಆಯ್ತಾ?" ಎಂದಳು ಮಗಳು. ತಲೆಯಾಡಿಸಿದ. ಕೆಳಗೆ ಇಳಿದು ಮುಂದಿನ ಸಾಲಿನಲ್ಲಿದ್ದ ಅತ್ತೆಯ ಎದುರು ಬಗ್ಗಿ, ಎರಡೂ ಕೈ ಜೋಡಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅತ್ತೆ, ಬರ್ತೀನಿ."

ಅತ್ತೆಯ ಬಾಯೊಳಗಿನ ಎಲೆಅಡಿಕೆ ಅಲ್ಲೇ ನಿಂತಿತು.

ತಮ್ಮ ನನ್ನ ಗಂಡನ ಕಡೆ ತಿರುಗಿದ. "ಭಾವ, ಬರ್ತೀನಿ." ಆಮೇಲೆ ಮೈದುನ. ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. "ನಿಮ್ಮನೇಗೂ ಬರ್ತೀನಿ. ಯಾವಾಗ ಕರೆದ್ರೂ ಸರಿ, ತಡ ಮಾಡಲ್ಲ."

ಯಾರಿಗೂ ಸಿಟ್ಟಾಗಲು ದಾರಿಯಿರಲಿಲ್ಲ. ಮರ್ಯಾದಸ್ಥರು ಹೇಳುವ ಮಾತನ್ನೇ ಅವನು ಹೇಳಿದ್ದ. ನನ್ನ ಮುಂದೆ ಬಂದಾಗ ಮಾತ್ರ ಏನೂ ಅನ್ನದೆ, ಒಂದು ಗಳಿಗೆ ನಿಂತು ಹೋದ. ನನ್ನನ್ನು ಉಳಿಸಿದ್ದೋ, ಸಾವಿನ ಮನೆಯವಳೆಂದು ಬಗೆದದ್ದೋ, ಇವತ್ತಿಗೂ ನಾನು ಕೇಳಿಲ್ಲ.

ಆಮೇಲೆ ಅವನು ಈ ಮನೆಗೆ ಕಾಲಿಟ್ಟಿಲ್ಲ. ಅವನನ್ನು ನೋಡಬೇಕಾದರೆ ನಾನೇ ಭದ್ರಾವತಿ ಬಸ್ಸು ಹತ್ತುತ್ತೇನೆ. ಅತ್ತೆಗೆ ಈಗ ಸಣ್ಣ ಜ್ವರ ಬಂದರೂ ಕಣ್ಣು ಬಾಗಿಲ ಮೇಲೆಯೇ. ಗೇಟು ಕಿರ್ರೆಂದರೆ ಸಾಕು, ಹಾಸಿಗೆಯಿಂದಲೇ ಕೂಗುತ್ತಾರೆ: "ಯಾರೇ ಬಂದಿದ್ದು? ಯಾರು ನೋಡೇ!"

ನಾನು ಒಲೆ ಸಣ್ಣ ಮಾಡುತ್ತೇನೆ. ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತೇನೆ. ಆಮೇಲೆ ನಿಧಾನಕ್ಕೆ ಹೋಗಿ ನೋಡುತ್ತೇನೆ.