ಅಕ್ಕನ ಕಿವಿ, ಸೂರ್ಯನ ಗಾಳಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಆಗ ಗಂಟೆ ಎಷ್ಟಾಗಿತ್ತು?’ ಎಂಬುದು. ಹೇಳುವವರು ಅಲ್ಲಿಗೇ ತಡವರಿಸುತ್ತಿದ್ದರು, ನಾನು ಒಳಗೊಳಗೇ ನಗುತ್ತಿದ್ದೆ. ಜಮಖಂಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ಹೊತ್ತು ಗೊತ್ತಿಲ್ಲದ ಪವಾಡಗಳನ್ನು ನಂಬಿದವನಲ್ಲ. ಈಗ ಹೇಳಲಿರುವುದರಲ್ಲಿ ಗಂಟೆ, ನಿಮಿಷ ಎರಡೂ ಇವೆ. ತೊಂದರೆ ಇರುವುದೇ ಅಲ್ಲಿ.

ನನ್ನ ಅಕ್ಕ ಸಾವಿತ್ರಿ ಬನಹಟ್ಟಿಯಲ್ಲಿದ್ದಾಳೆ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು, ಸಾಲೆಗೆ ಕಳಿಸಿದವಳು ಅವಳೇ. ಮದುವೆಯಾದಾಗಿನಿಂದ ಗಂಡನ ಜೊತೆ ಮನೆಯಲ್ಲೇ ಪವರ್‌ಲೂಮ್ ನಡೆಸುತ್ತಾ ಬಂದಿದ್ದಾಳೆ. ಮೂವತ್ತು ವರ್ಷ ಆ ಖಟಖಟ ಸದ್ದಿನಲ್ಲಿ ಕಳೆದ ಅವಳ ಕಿವಿ ಮಂದವಾಗಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ. ಆ ಓಣಿಯ ಹೆಂಗಸರಲ್ಲಿ ಬಹಳ ಮಂದಿಗೆ ಈ ವಿದ್ಯೆ ಬರುತ್ತದೆ. ಅದರ ಮೇಲೆ ಹತ್ತು ವರ್ಷದಿಂದ ಇನ್ನೊಂದು ಕಾಟ: ಮಗ್ಗ ನಿಲ್ಲಿಸಿದರೂ ಕಿವಿಯೊಳಗೆ ಗುಂಯ್ ಎಂಬ ಸದ್ದು, ಹಗಲೂ ರಾತ್ರಿ. “ಒಳಗೊಂದು ಮಗ್ಗ ಐತಿ ತಮ್ಮಾ, ಅದಕ್ಕ ಸ್ವಿಚ್ಚ ಇಲ್ಲ” ಅನ್ನುತ್ತಿದ್ದಳು.

ನನ್ನ ಹುಚ್ಚೇ ಬೇರೆ. ಸೂರ್ಯನಿಂದ ಎಡೆಬಿಡದೆ ಒಂದು ಬಗೆಯ ಗಾಳಿ ಹೊರಡುತ್ತದೆ. ಅದು ನಮ್ಮ ಗಾಳಿಯಲ್ಲ, ವಿದ್ಯುತ್ತು ಹೊತ್ತ ಕಣಗಳ ಹರಿವು. ಅದಕ್ಕೆ ಸೌರಮಾರುತ ಎಂದು ಹೆಸರು. ಭೂಮಿಯ ಕಾಂತಕ್ಷೇತ್ರ ಅದನ್ನು ತಡೆದು ಪಕ್ಕಕ್ಕೆ ಸರಿಸುತ್ತದೆ. ಮಂಗಳನಿಗೆ ಅಂಥ ರಕ್ಷೆಯಿಲ್ಲ, ಗುರುವಿನದು ನಮ್ಮದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಇದನ್ನು ಅಳೆಯಲು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರು ಸೂರ್ಯನ ಕಡೆಗೆ ಗಗನನೌಕೆಗಳನ್ನು ನಿಲ್ಲಿಸಿದ್ದಾರೆ. ಗಾಳಿ ಮೊದಲು ಅವುಗಳಿಗೆ ತಾಗಿ, ಸುಮಾರು ಒಂದು ತಾಸಿನ ಮೇಲೆ ನಮ್ಮನ್ನು ಮುಟ್ಟುತ್ತದೆ. ನೌಕೆಗಳು ಕಳಿಸಿದ ಅಂಕಿಗಳು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗುತ್ತವೆ. ವಾರಕ್ಕೊಮ್ಮೆ ಅವುಗಳನ್ನು ಇಳಿಸಿಕೊಂಡು ಹುಡುಗರಿಗೆ ಗ್ರಾಫ್ ಬರೆದು ತೋರಿಸುವುದು ನನ್ನ ರೂಢಿ.

ಕೆಲವು ವರ್ಷಗಳ ಹಿಂದಿನ ಚಳಿಗಾಲ. ಶನಿವಾರ ಬೆಳಗಿನ ಕಾಲೇಜು ಮುಗಿಸಿ ಕಾರಿನಲ್ಲಿ ಅಕ್ಕನ ಮನೆಗೆ ಊಟಕ್ಕೆ ಹೋದೆ. ಅಕ್ಕ ಮಗ್ಗದ ಮುಂದಿದ್ದಳು. ಮುಟ್ಟಿದೆನೆಂದು ಹೆಂಡತಿಗೆ ಮೆಸೇಜ್ ಕಳಿಸಿ ತಲೆ ಎತ್ತುವಷ್ಟರಲ್ಲಿ ಅಕ್ಕ ಎರಡೂ ಕೈ ಮೇಲೆತ್ತಿ ಕೂಗಿದಳು.

“ಕರೆಂಟ ಹೋತೇನು?”

ಅವಳ ಕಣ್ಣೆದುರಿಗೇ ಮಗ್ಗ ಓಡುತ್ತಿತ್ತು. ಲಾಳಿ ಅತ್ತಿಂದಿತ್ತ ಬಡಿಯುತ್ತಿತ್ತು. ನಾನು, ಭಾವ ಇಬ್ಬರೂ ದಂಗಾದೆವು. ಭಾವ ಮಗ್ಗ ನಿಲ್ಲಿಸಿದರು. ಅಕ್ಕ ಎರಡೂ ಕಿವಿಗಳನ್ನು ಅಂಗೈಯಿಂದ ಬಡಿದುಕೊಂಡಳು.

“ಒಳಗಿಂದು ನಿಂತೈತಿ” ಅಂದಳು. “ಒಳಗಿನ ಮಗ್ಗ ನಿಂತೈತಿ.”

ಸಂತೋಷಪಡಬೇಕಾದ ಮಾತು. ಆದರೆ ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಬೆವರು ಕಿತ್ತು ಬಂದಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ಭಾವ ನನ್ನನ್ನು ಪಕ್ಕಕ್ಕೆ ಕರೆದು, “ಲಕ್ವಾ ಹೊಡ್ಯಾಕತ್ತೈತೇನೋ, ನನಗ್ಯಾಕೋ ಛಲೋ ಕಾಣವಲ್ದು” ಅಂದರು. ನನಗೂ ಪಾರ್ಶ್ವವಾಯುವಿನದೇ ಅಂಜಿಕೆ. ಉಣ್ಣದೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವಳು ಯಾವುದನ್ನೋ ಕಿವಿಗೊಟ್ಟು ಆಲಿಸುವವರಂತೆ ಕತ್ತು ಓರೆ ಮಾಡಿಕೊಂಡು ಕೂತಿದ್ದಳು. ಎದುರಿಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಬರುತ್ತಿದ್ದವು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

ಮುಧೋಳದ ಕಿವಿ ಡಾಕ್ಟರು ಸಾವಧಾನದಿಂದ ನೋಡಿದರು. ಬಿ.ಪಿ., ಕೈಕಾಲಿನ ಶಕ್ತಿ ಎಲ್ಲ ಸರಿಯಿತ್ತು. “ಒಮ್ಮೊಮ್ಮೆ ಹಿಂಗ ನಿಲ್ಲತದರಿ, ಅಂಜಬ್ಯಾಡ್ರಿ. ಮತ್ತ ಶುರು ಆದ್ರ ಟೈಮ್ ಬರದ ಇಡ್ರಿ. ಆದ್ರ ಎಡಗಿವಿ ಭಾಳ ವೀಕ್ ಆಗೈತಿ. ಬೆಳಗಾವಿಗೆ ಕರ್ಕೊಂಡ ಹೋಗಿ ದೊಡ್ಡ ಟೆಸ್ಟ್ ಮಾಡಸ್ರಿ, ತಡಾ ಮಾಡಬ್ಯಾಡ್ರಿ” ಅಂದರು.

ಮರಳಿ ಬರುವಾಗ ಮಹಾಲಿಂಗಪುರ ದಾಟಿದ್ದೆವು. ಅಕ್ಕ ಹಿಂದಿನಿಂದ ನನ್ನ ಭುಜ ಜೋರಾಗಿ ಹಿಡಿದಳು. “ಬಂತು” ಅಂದಳು. ಆಮೇಲೆ ಅಳತೊಡಗಿದಳು. ಹತ್ತು ವರ್ಷ ಶಪಿಸಿದ ಆ ಸದ್ದು ಮರಳಿ ಬಂದದ್ದಕ್ಕೆ ಅವಳು ನೆಮ್ಮದಿಯಿಂದ ಅಳುತ್ತಿದ್ದಳು. ನಾನು ಗಾಡಿ ನಿಲ್ಲಿಸಿ ಡಾಕ್ಟರ ಚೀಟಿಯ ಹಿಂದೆ ಹೊತ್ತು ಬರೆದೆ: ಸಂಜೆ ಆರು ಗಂಟೆ ಐದು ನಿಮಿಷ.

ಸೋಮವಾರ ಪಾಠಕ್ಕೆಂದು ನೌಕೆಯ ಅಂಕಿಗಳನ್ನು ಇಳಿಸಿಕೊಂಡೆ. ಶನಿವಾರದ ಗೆರೆ ವಿಚಿತ್ರವಾಗಿತ್ತು. ಮಧ್ಯಾಹ್ನ ಸೌರಮಾರುತ ಇದ್ದಕ್ಕಿದ್ದಂತೆ ತೆಳುವಾಗಿ, ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂಬಷ್ಟಾಗಿ, ಸಂಜೆ ಮತ್ತೆ ಜಿಗಿದಿತ್ತು. ಹೀಗಾಗುವುದು ಅಪರೂಪ, ಆದರೆ ಆಗುತ್ತದೆ. ಸೂರ್ಯನ ಗಾಳಿ ಬಿದ್ದ ದಿನವೇ ಅಕ್ಕನ ಕಿವಿ ಸುಮ್ಮನಾಯಿತಲ್ಲ ಎಂದು ನಕ್ಕು, ಚೀಟಿ ತೆಗೆದು ನೋಡಿದೆ. ನಗು ನಿಂತಿತು.

ಗೆರೆ ಮತ್ತೆ ಮೇಲೆದ್ದದ್ದು ಆರು ನಲವತ್ತಾರಕ್ಕೆ. ಅಕ್ಕ ‘ಬಂತು’ ಎಂದದ್ದು ಅದಕ್ಕೆ ನಲವತ್ತೊಂದು ನಿಮಿಷ ಮುಂಚೆ. ಅಂಕಿಗಳಲ್ಲಿನ ಅಂತರರಾಷ್ಟ್ರೀಯ ಹೊತ್ತನ್ನು ನಮ್ಮ ಹೊತ್ತಿಗೆ ಇಳಿಸುವಾಗ ತಪ್ಪಿರಬೇಕೆಂದು ನಾಲ್ಕು ಸಲ ಲೆಕ್ಕ ಮಾಡಿದೆ. ತಪ್ಪಿರಲಿಲ್ಲ. ಹೆಂಡತಿಗೆ ಕಳಿಸಿದ ಮೆಸೇಜು ಫೋನಿನಲ್ಲಿತ್ತು: ಹನ್ನೆರಡು ಮೂವತ್ತೊಂಬತ್ತು. ಗಾಳಿ ಬಿದ್ದದ್ದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಅಲ್ಲಿಯೂ ಅಷ್ಟೇ ಅಂತರ. ಭೂಮಿಯ ಮೇಲಿನ ಕಿವಿಗೆ ಏನಾದರೂ ತಿಳಿಯುವುದಿದ್ದರೆ ನೌಕೆಗೆ ತಿಳಿದ ತಾಸಿನ ಮೇಲೆ ತಿಳಿಯಬೇಕು. ಅಕ್ಕನಿಗೆ ನೌಕೆಗಿಂತ ಮೊದಲೇ ತಿಳಿದಿತ್ತು.

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಬೆಳಗಾವಿಗೆ ಹೋಗುವುದನ್ನು ಮುಂದೂಡಿದೆ. ಅಲ್ಲಿ ಕಿವಿಗೆ ಹಾಕುವ ಯಂತ್ರ ಕೊಟ್ಟು ಆ ಸದ್ದು ಅಡಗಿಸಿಬಿಟ್ಟರೆ ನನಗೆ ಇನ್ನೊಂದು ಸಾಕ್ಷಿ ಎಲ್ಲಿ ಸಿಗಬೇಕು? ದಿನಾ ಬೆಳಗ್ಗೆ, ಸಂಜೆ ಭಾವನ ಫೋನಿನಲ್ಲಿ ವಿಡಿಯೋ ಕಾಲ್ ಮಾಡಿ, ಸದ್ದು ಹೆಚ್ಚೋ ಕಡಿಮೆಯೋ ಎಂದು ಅಕ್ಕನನ್ನು ಕೇಳಿ ಒಂದು ವಹಿಯಲ್ಲಿ ಬರೆದುಕೊಂಡೆ. ಡಾಕ್ಟರು ಸಿಗುತ್ತಿಲ್ಲ ಎಂದು ಭಾವನಿಗೆ ಸುಳ್ಳು ಹೇಳಿದೆ. ಮೂರು ತಿಂಗಳು ಕಳೆಯಿತು. ಒಂದೇ ಒಂದು ದಿನವೂ ನೌಕೆಯ ಅಂಕಿಗಳಿಗೆ ತಾಳೆಯಾಗಲಿಲ್ಲ. ದೊಡ್ಡ ಸೌರಬಿರುಗಾಳಿ ಬಂದ ದಿನ ಅವಳ ಕಿವಿಯಲ್ಲಿ ಏನೂ ಬದಲಾಗಲಿಲ್ಲ.

ಒಂದು ದಿನ ಖುದ್ದಾಗಿ ಹೋಗಿ ವಹಿ ಬಿಚ್ಚಿ ಕೂತಾಗ ಅಕ್ಕ ಅದನ್ನು ಮುಚ್ಚಿದಳು.

“ತಮ್ಮಾ, ಖರೆ ಹೇಳು. ನಾ ನಿನಗ ಅಕ್ಕ ಅದೀನೋ, ಮಶೀನ ಅದೀನೋ?”

ಮರುದಿನವೇ ಬೆಳಗಾವಿಗೆ ಕರೆದುಕೊಂಡು ಹೋದೆ. ಎಡಗಿವಿ ಪೂರ್ತಿ ಹೋಗಿತ್ತು. “ಒಂದೆರಡು ತಿಂಗಳ ಮೊದಲ ಬಂದಿದ್ರ ಇಷ್ಟು ಆಗ್ತಿರಲಿಲ್ಲೇನೋ” ಎಂದು ಅಲ್ಲಿನ ಡಾಕ್ಟರು ಮೆಲ್ಲಗೆ ಹೇಳಿದರು. ಅಕ್ಕನಿಗೆ ಅದು ಕೇಳಿಸಲಿಲ್ಲ, ಆದರೆ ಅವಳು ಅವರ ತುಟಿ ನೋಡುತ್ತಿದ್ದಳು. ಬಲಗಿವಿಗೆ ಯಂತ್ರ ಕೊಟ್ಟರು. ಸದ್ದು ಕಡಿಮೆಯಾಗಿ ಅವಳು ಈಗ ನಿದ್ದೆ ಮಾಡುತ್ತಾಳೆ. ನನ್ನನ್ನು ಒಂದು ಮಾತು ಅನ್ನಲಿಲ್ಲ.

ಆ ದಿನದ ಅಂಕಿಗಳನ್ನು, ಅಕ್ಕನ ಹೊತ್ತುಗಳನ್ನು ಈ ವಿಷಯ ಬಲ್ಲವರೊಬ್ಬರಿಗೆ ಕಳಿಸಿದ್ದೆ. ಇಂಥ ಇನ್ನೂ ಹತ್ತು ದಾಖಲೆ ಇದ್ದರೆ ಕಳಿಸಿ ಎಂದು ಸಭ್ಯವಾಗಿ ಉತ್ತರಿಸಿದರು. ನನ್ನ ಹತ್ತಿರ ಇರುವುದು ಒಂದೇ. ಒಂದನ್ನು ಆಕಸ್ಮಿಕ ಎನ್ನಬಹುದು. ನಾನೂ ಹುಡುಗರಿಗೆ ಹಾಗೆಯೇ ಕಲಿಸಿದ್ದೇನೆ.

ಕಳೆದ ದೀಪಾವಳಿಗೆ ಹೋದಾಗ ಮನಸ್ಸು ತಡೆಯದೆ ಅಕ್ಕನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಸೂರ್ಯ, ಗಾಳಿ, ನೌಕೆ, ನಲವತ್ತೊಂದು ನಿಮಿಷ. ಅವಳು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ ನನ್ನ ತುಟಿ ನೋಡುತ್ತಾ ಕೊನೆತನಕ ಕೇಳಿದಳು.

“ಯಾವಾಗ ನಿಂತಿತು ಅಂತ ಕೇಳಿದಿ, ಯಾವಾಗ ಬಂತು ಅಂತ ಕೇಳಿದಿ. ನಡುವ ನನಗ ಏನ ಕೇಳಿಸಿತು ಅಂತ ಒಮ್ಮೆನೂ ಕೇಳಲಿಲ್ಲಲ್ಲೋ.”

ಏನು ಕೇಳಿಸಿತು ಅಕ್ಕಾ ಎಂದೆ.

ಅವಳು ನನ್ನ ತುಟಿ ನೋಡಿದಳು. ಮಾತು ಅವಳಿಗೆ ತಿಳಿಯಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಬಲಗಿವಿಯ ಯಂತ್ರವನ್ನು ತೆಗೆದು ಪಕ್ಕದಲ್ಲಿಟ್ಟು, ನೂಲಿನ ಕಡೆಗೆ ತಿರುಗಿಕೊಂಡಳು.